ಕಾಶಿಯಲ್ಲಿ ನಾನು ಕೊಟ್ಟ ಒಂದು ಆಶೀರ್ವಾದ

ನಮ್ಮ ತಂದೆ ಜಯನಗರದಲ್ಲಿ ಮನೆ ಕಟ್ಟಿಸಿದಾಗ ಬಸವನಗುಡಿಯ ನಮ್ಮ ನೆಂಟರೆಲ್ಲ ಅವರು ವಾನಪ್ರಸ್ಥಕ್ಕೆ ಹೊರಟರೆಂದೇ ತೀರ್ಮಾನಿಸಿದರು. ಐವತ್ತರ ದಶಕ ಇನ್ನೂ ಮುಗಿದಿರಲಿಲ್ಲ. ಕಲ್ಲು ನೆಟ್ಟು ಗುರುತು ಮಾಡಿದ ಸೈಟುಗಳು, ಅಲ್ಲೊಂದು ಇಲ್ಲೊಂದು ಮನೆ, ಉಳಿದದ್ದೆಲ್ಲ ಹುಲ್ಲು ಮತ್ತು ಪೊದೆ. ಸಂಜೆಯಾದರೆ ನರಿ ಕೂಗುತ್ತಿತ್ತು. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಪಂಚೆಯ ಅಂಚು ಕೆಂಪಗಾಗುತ್ತಿತ್ತು. ತಂದೆ ಹೀಗೆ ವಾನಪ್ರಸ್ಥವನ್ನು ಮೊದಲೇ ಹಿಡಿದುಬಿಟ್ಟಿದ್ದರಿಂದ ನನ್ನ ಪಾಲಿಗೆ ಉಳಿದದ್ದು ಸನ್ಯಾಸವೊಂದೇ.

ನಾನಾಗ ಬಿ.ಎ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದೆ. ಅರ್ಜಿ ಹಾಕಿದ ಯಾವ ಕಡೆಯಿಂದಲೂ ಉತ್ತರವಿಲ್ಲ. ಮನೆಗೆ ಬಂದವರು "ಮಗ ಏನ್ ಮಾಡ್ತಿದಾನೆ?" ಎಂದು ಕೇಳಿದಾಗ ಅಮ್ಮ ತಲೆ ತಗ್ಗಿಸಿ ಕಾಫಿ ತರಲು ಒಳಗೆ ಹೋಗುತ್ತಿದ್ದಳು. ಸಂಜೆ ಹೊತ್ತು ಹೋಗಲೆಂದು ಬಸವನಗುಡಿಯಲ್ಲಿ ನಡೆಯುತ್ತಿದ್ದ ವೇದಾಂತದ ಪ್ರವಚನಕ್ಕೆ ಹೋಗಿ ಕಡೆಯ ಸಾಲಿನಲ್ಲಿ ಕೂರುತ್ತಿದ್ದೆ. ಅಲ್ಲಿ ನನಗೆ ಹೊಳೆದ ಸತ್ಯ ಇಷ್ಟು: ಕೆಲಸವಿಲ್ಲದವನು ಎನ್ನಿಸಿಕೊಳ್ಳುವುದಕ್ಕಿಂತ ವಿರಕ್ತ ಎನ್ನಿಸಿಕೊಳ್ಳುವುದು ಎಷ್ಟೋ ಮೇಲು. ಕೆಲಸವಿಲ್ಲದವನಿಗೆ ಲೋಕ ಬುದ್ಧಿ ಹೇಳುತ್ತದೆ. ವಿರಕ್ತನಿಂದ ಲೋಕವೇ ಬುದ್ಧಿ ಕೇಳುತ್ತದೆ.

ಮಾರನೆಯ ದಿನದಿಂದಲೇ ಹಾಸಿಗೆ ಬಿಟ್ಟು ಚಾಪೆಯ ಮೇಲೆ ಮಲಗಿದೆ. ಉಪ್ಪು ಬಿಟ್ಟೆ; ಉಪ್ಪಿನಕಾಯಿ ಮಾತ್ರ ಬಿಡಲಿಲ್ಲ. ಕಾಲಿಗೆ ಚಪ್ಪಲಿ ಹಾಕದೆ ಬನಶಂಕರಿ ಗುಡಿಯ ತನಕ ನಡೆದುಹೋಗುವ ವ್ರತ ಹಿಡಿದೆ. ಆಗ ಅದು ಹೊಲಗಳ ನಡುವಿನ ದಾರಿ. ಮೊದಲನೆಯ ದಿನವೇ ಯಡಿಯೂರು ಕೆರೆ ದಾಟುವಷ್ಟರಲ್ಲಿ ಜಾಲಿಮುಳ್ಳು ಚುಚ್ಚಿಕೊಂಡು, ಎದುರಿಗೆ ಬರುತ್ತಿದ್ದ ಸೌದೆ ಗಾಡಿಯಲ್ಲಿ ಕೂತು ಮನೆಗೆ ಬಂದೆ. ಕುಂಟುತ್ತ ಬಂದ ನನ್ನನ್ನು ನೋಡಿ ಅಮ್ಮ, "ದೇವಿ ಏನಂದ್ಲು?" ಎಂದು ಕೇಳಿದಳು. ನಾನು ಮೌನವ್ರತ ಎಂದು ಕೈಸನ್ನೆ ಮಾಡಿದೆ. ಆ ವ್ರತ ಹುಟ್ಟಿದ್ದು ಆ ಕ್ಷಣದಲ್ಲೇ.

ಆದರೆ ಮನೆಯಲ್ಲಿ ನನ್ನ ವೈರಾಗ್ಯದ ಬಿಸಿ ನಿಜವಾಗಿ ಮುಟ್ಟಿದ್ದು ಕಾವಿಯಿಂದ. ಒಂದು ಮಲ್ಲು ಪಂಚೆಯನ್ನು ಕಾವಿಮಣ್ಣಿನ ನೀರಿನಲ್ಲಿ ಅದ್ದಿ, ಒಗೆಯುವ ಕಲ್ಲಿನ ಪಕ್ಕದ ಬಾನಿಯಲ್ಲೇ ಬಿಟ್ಟು ಜಪಕ್ಕೆ ಕೂತೆ. ಅಮ್ಮ ನೋಡದೆ ಅದೇ ಬಾನಿಗೆ ತಂದೆಯ ಆಫೀಸಿನ ಷರಟುಗಳನ್ನು ಹಾಕಿದಳು. ಮರುದಿನ ತಂದೆ ನಸುಗೆಂಪು ಷರಟಿನ ಮೇಲೆ ಕೋಟು ತೊಟ್ಟು, ಗುಂಡಿಯನ್ನೆಲ್ಲ ಹಾಕಿಕೊಂಡು ಆಫೀಸಿಗೆ ಹೊರಟರು. ಬಾಗಿಲಲ್ಲಿ ನಿಂತು, "ಇವನು ಸನ್ಯಾಸಿ ಆಗೋದಕ್ಕೆ ಮುಂಚೆ ನನ್ನನ್ನ ಮಾಡ್ತಾನೆ. ಇವನನ್ನ ಅಕ್ಕನ ಹತ್ರ ಕಳಿಸಿಬಿಡೋಣ" ಎಂದರು.

ಅಕ್ಕ ಎಂದರೆ ಕಾಶಿಯಲ್ಲಿದ್ದ ನನ್ನ ಸೋದರತ್ತೆ. ಮದುವೆ ಎಂದರೇನೆಂದು ತಿಳಿಯುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಅಣ್ಣತಮ್ಮಂದಿರ ಮನೆಗಳಲ್ಲಿ ಬಾಣಂತನ, ಹಪ್ಪಳ, ಸಂಡಿಗೆ ಎಂದು ವಯಸ್ಸೆಲ್ಲ ಕಳೆದು, ಕೊನೆಗೊಂದು ದಿನ "ನನ್ನನ್ನ ಕಾಶೀಲಿ ಬಿಟ್ಟು ಬನ್ನಿ" ಎಂದು ಹಟ ಹಿಡಿದು ಹೋದವಳು. ಹನುಮಾನ್ ಘಾಟಿನ ಹತ್ತಿರ ಒಂದು ಹಳೆಯ ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬಳೇ ಇದ್ದಳು. ತಂದೆ ಕಾಗದ ಬರೆದರು. "ಬರಲಿ, ನೀರು ಹೊರೋದಕ್ಕೆ ಒಂದು ಜನ ಬೇಕಿತ್ತು" ಎಂದು ಅತ್ತೆಯ ಉತ್ತರ ಬಂತು. ಇದರಲ್ಲಿ ಏನೋ ಗೂಢಾರ್ಥವಿದೆಯೆಂದು ನಾನು ತಿಳಿದೆ. ಯಾವ ಗೂಢಾರ್ಥವೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಹೊರಟೆ. ಮದರಾಸಿನಲ್ಲಿ ರೈಲು ಬದಲಿಸಿ, ಇಟಾರ್ಸಿಯಲ್ಲಿ ಮತ್ತೆ ಬದಲಿಸಿ, ಮೂರನೆಯ ದರ್ಜೆಯ ಮರದ ಹಲಗೆಯ ಮೇಲೆ ಕೂತು, ಇದ್ದಿಲ ಮಸಿಯನ್ನೆಲ್ಲ ಮುಖಕ್ಕೆ ಬಳಿದುಕೊಂಡು ಕಾಶಿಯಲ್ಲಿ ಇಳಿದೆ. ಬಾಗಿಲು ತೆರೆದ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಾಲಿಗೆರಗಲು ಬಗ್ಗಿದರೆ ತಡೆದು, "ಮೊದಲು ಗಂಗೇಲಿ ಮುಳುಗಿ ಬಾ. ಹಾಗೇ ಈ ಕೊಡ ತುಂಬಿಸ್ಕೊಂಡು ಬಾ" ಎಂದು ತಾಮ್ರದ ಕೊಡವನ್ನು ಕೈಗೆ ಕೊಟ್ಟಳು. ನನ್ನ ಕಾಶೀವಾಸ ಶುರುವಾದದ್ದು ಹೀಗೆ.

ನಾನು ಮನಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದ ಕಾಶಿಯಲ್ಲಿ ಮುಂಜಾನೆ ಘಂಟಾನಾದ, ದಿನವಿಡೀ ಬ್ರಹ್ಮವಿಚಾರ, ಸಂಜೆ ಗಂಗೆಯ ದಡದಲ್ಲಿ ಧ್ಯಾನ ಇದ್ದವು. ಅತ್ತೆಯ ಕಾಶಿಯಲ್ಲಿ ಮುಂಜಾನೆ ನೀರು ಹೊರುವುದು, ಆಮೇಲೆ ಇದ್ದಿಲ ಒಲೆ ಹೊತ್ತಿಸುವುದು, ತರಕಾರಿ ಹೆಚ್ಚುವುದು, ಮಧ್ಯಾಹ್ನ ಅವಳೊಂದಿಗೆ ಕೂತು ಹತ್ತಿಯಿಂದ ಹೂಬತ್ತಿ ಹೊಸೆಯುವುದು ಇದ್ದವು. ನಾನು ಹೊಸೆದ ಬತ್ತಿ ನಿಲ್ಲುತ್ತಿರಲಿಲ್ಲ. "ಇದೇನೋ, ಜಯನಗರದ ನರಿ ಬಾಲ ಇದ್ದ ಹಾಗಿದೆ" ಎನ್ನುತ್ತಿದ್ದಳು. ನರಿಯ ವಿಷಯವನ್ನು ನಾನೇ ಅವಳಿಗೆ ಹೇಳಿ ಕೆಟ್ಟಿದ್ದೆ.

ಅತ್ತೆ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದಳು. ಕೋಣೆಯಲ್ಲಿ ಎರಡು ಕೆಂಪು ಸೀರೆ, ಒಂದು ಕಂಬಳಿ, ಅಡುಗೆಗೆ ಬೇಕಾದಷ್ಟೇ ಪಾತ್ರೆ. ಕಾಫಿ ಎಂಬ ಮಾತೇ ಅಲ್ಲಿರಲಿಲ್ಲ. ನಾನೂ ಕಾಫಿ ಬಿಟ್ಟೆನೆಂದು ಘೋಷಿಸಿದೆ. ಇಲ್ಲದ್ದನ್ನು ಬಿಡುವುದು ಸುಲಭವೆಂದು ತಿಳಿದಿದ್ದೆ. ಎರಡನೆಯ ದಿನವೇ ತಲೆಯ ಹಿಂಭಾಗದಿಂದ ಏನೋ ಒತ್ತಿಕೊಂಡು ಮೇಲೇರಿದಂತಾಯಿತು. ಹುಬ್ಬುಗಳ ನಡುವೆ ಬಡಿತ. ಕಣ್ಣು ಮುಚ್ಚಿದರೆ ಕಿಡಿಗಳು. ಪ್ರವಚನದಲ್ಲಿ ಕೇಳಿದ್ದ ಕುಂಡಲಿನಿಯ ವಿಷಯ ನೆನಪಾಗಿ ಮೈ ಜುಮ್ಮೆಂದಿತು. ಇಷ್ಟು ಬೇಗ ಎಂದು ನಾನೂ ಎಣಿಸಿರಲಿಲ್ಲ. ಪೂರ್ವಜನ್ಮದ ಸಂಸ್ಕಾರ ಇರಬೇಕು ಎಂದುಕೊಂಡೆ.

"ಅತ್ತೆ, ತಲೇಲಿ ಏನೋ ಆಗ್ತಿದೆ. ಶಕ್ತಿ ಏರ್ತಾ ಇರೋ ಹಾಗೆ" ಎಂದೆ, ಆದಷ್ಟು ವಿನಯದಿಂದ.

ಅತ್ತೆ ಸೋರೆಕಾಯಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸದೆ, "ಕಾಫಿ ಬಿಟ್ಟಿದೀಯಲ್ಲ, ಅದಕ್ಕೆ. ಶುಂಠಿ ಅರೆದು ಹಣೆಗೆ ಹಚ್ಕೋ" ಎಂದಳು.

ಹಚ್ಚಿಕೊಂಡೆ. ಕುಂಡಲಿನಿ ಇಳಿದುಹೋಯಿತು.

ಚಳಿಯ ವಿಷಯ ಹೇಳಲೇಬೇಕು. ಬೆಂಗಳೂರಿನವನಾದ ನನಗೆ ಚಳಿ ಗೊತ್ತೆಂಬ ಜಂಬವಿತ್ತು. ಕಾಶಿಯ ಪುಷ್ಯಮಾಸದ ಬೆಳಗು ಅದನ್ನು ಇಳಿಸಿತು. ಅತ್ತೆ ಸೂರ್ಯ ಹುಟ್ಟುವ ಮೊದಲೇ ನದಿಗಿಳಿದು ಮೂರು ಸಲ ಮುಳುಗಿ, ಏನೂ ಆಗದವಳಂತೆ ಸ್ತೋತ್ರ ಹೇಳುತ್ತ ಮೇಲೆ ಬರುತ್ತಿದ್ದಳು. ನಾನು ಕಡೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈಯಲ್ಲಿ ನೀರು ತೆಗೆದು ತಲೆಗೆ ಚಿಮುಕಿಸಿಕೊಂಡು, ಶಾಸ್ತ್ರದಲ್ಲಿ ಪ್ರೋಕ್ಷಣೆಗೂ ಸ್ನಾನದ ಫಲವಿದೆ ಎಂದು ವಾದಿಸುತ್ತಿದ್ದೆ. "ಕಾಗೆ ಸ್ನಾನಕ್ಕೆ ಕಾಗೆಗೆ ಸಿಗೋ ಫಲ ಸಿಗತ್ತೆ" ಎಂದು ಅತ್ತೆ ಮೆಟ್ಟಿಲು ಹತ್ತುತ್ತಿದ್ದಳು.

ನನ್ನ ಕಾವಿ ಪಂಚೆಯನ್ನು ಮಾತ್ರ ಅವಳು ಉಡಗೊಡಲಿಲ್ಲ. ಬಂದ ದಿನವೇ ಚೀಲದಿಂದ ತೆಗೆದು ತೋರಿಸಿದಾಗ, "ಇದನ್ನ ಯಾರು ಕೊಟ್ಟರು?" ಎಂದು ಕೇಳಿದ್ದಳು.

"ನಾನೇ ಮಾಡ್ಕೊಂಡೆ."

"ಗುರುಗಳು ಕೊಟ್ರೆ ಕಾವಿ. ನೀನೇ ಮಾಡ್ಕೊಂಡ್ರೆ ಬಣ್ಣದ ಪಂಚೆ. ಮಡಿಸಿ ಒಳಗಿಡು."

ಇಟ್ಟಿದ್ದೆ. ಆದರೆ ಒಂದು ದಿನ ಮಹಡಿಯ ಮೇಲೆ ಒಣಗಹಾಕಿದ್ದ ನನ್ನ ಬಿಳಿಯ ಪಂಚೆಯನ್ನು ಕೋತಿ ಎತ್ತಿಕೊಂಡು ಹೋಯಿತು. ಎದುರು ಮನೆಯ ಮಾಡಿನ ಮೇಲೆ ಕೂತು, ನಾನು ನೋಡುತ್ತಿದ್ದ ಹಾಗೆಯೇ ಅದನ್ನು ಉದ್ದುದ್ದ ಸೀಳಿತು. ಉಟ್ಟಿದ್ದದ್ದು ಒದ್ದೆ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದಳು. ಹೋಗುವಾಗ ಒಲೆಯ ಮೇಲಿನ ಹಾಲು ನೋಡಿಕೋ ಎಂದಿದ್ದಳು. ಬೇರೆ ದಾರಿಯಿಲ್ಲದೆ ಕಾವಿ ಉಟ್ಟೆ. ಉಟ್ಟ ಮೇಲೆ ಮನೆಯೊಳಗೆ ಕೂರಲು ಮನಸ್ಸು ಬರಲಿಲ್ಲ. ಘಾಟಿಗೆ ಇಳಿದು, ಎಳೆಬಿಸಿಲಿಗೆ ಮುಖ ಮಾಡಿ, ಪದ್ಮಾಸನ ಹಾಕಿ ಕಣ್ಣು ಮುಚ್ಚಿದೆ. ಹಾಲು ಮರೆತೇಹೋಯಿತು.

ಸ್ವಲ್ಪ ಹೊತ್ತಿನಲ್ಲಿ ಹತ್ತಿರದಲ್ಲೇ ಕನ್ನಡ ಕೇಳಿಸಿತು. ಯಾತ್ರೆಗೆ ಬಂದ ನಮ್ಮ ಕಡೆಯ ಹಳ್ಳಿಯವರ ಗುಂಪು. ಅದರಿಂದ ಒಬ್ಬ ಹೆಂಗಸು ಬಂದು ನನ್ನ ಮುಂದೆ ನಿಂತಳು. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ಆಳು, ಕಿವಿಯಲ್ಲಿ ದೊಡ್ಡ ಓಲೆ. "ಬುದ್ಧೀ, ಕನ್ನಡ ಬತ್ತದಾ?" ಎಂದಳು.

ನಾನು ಕಣ್ಣು ತೆರೆದು ಗಂಭೀರವಾಗಿ ತಲೆಯಾಡಿಸಿದೆ. ಅವಳು ಅಲ್ಲಿಯೇ ಕಲ್ಲಿನ ಮೇಲೆ ಉದ್ದಂಡ ಅಡ್ಡಬಿದ್ದಳು. ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಅಲ್ಲಿಯವರೆಗೆ ನನ್ನ ಕಾಲಿಗೆ ಬಿದ್ದದ್ದು ಜಾಲಿಮುಳ್ಳು ಮಾತ್ರ.

"ಸ್ವಾಮೇರೇ, ನನ್ ಸೊಸೆಗೆ ಮಕ್ಕಳಾಗ್ನಿಲ್ಲ. ಮದ್ವೆ ಆಗಿ ಭಾಳ ವರ್ಸ ಆಯ್ತು. ಮಗನಿಗೆ ಇನ್ನೊಂದ್ ಮದ್ವೆ ಮಾಡು ಅಂತಾರೆ ಎಲ್ಲಾ. ಆ ಎಣ್ಣು ಚಿನ್ನದಂತೋಳು, ನಂಗೆ ಮನಸು ಬರ್ನಿಲ್ಲ. ಅದಕ್ಕೇ ಕಾಸಿಗೆ ಬಂದೆ. ನೀವೊಂದ್ ಮಾತು ಏಳಿ."

ಏನಾದರೂ ತತ್ತ್ವದ ಮಾತಾಡಿ ಜಾರಿಕೊಳ್ಳಬಹುದಿತ್ತು. ನಾನು ಸ್ವಾಮಿಯಲ್ಲ ಎಂದರಂತೂ ಮುಗಿದೇಹೋಗುತ್ತಿತ್ತು. ಆದರೆ ಅವಳು ಕೈಮುಗಿದು ನನ್ನ ಬಾಯನ್ನೇ ನೋಡುತ್ತಿದ್ದಳು. ಆ ನೋಟ ತಲೆಗೇರಿತು. ಬಲಗೈ ತಾನಾಗಿ ಮೇಲೆದ್ದಿತು. "ಮುಂದಿನ ವರ್ಷ ಇಷ್ಟು ಹೊತ್ತಿಗೆ ನಿಮ್ಮ ಮನೆಯಲ್ಲಿ ತೊಟ್ಟಿಲು ತೂಗುತ್ತದೆ" ಎಂದೆ. ದನಿ ನನ್ನದಲ್ಲವೇನೋ ಎನ್ನುವಷ್ಟು ಚೆನ್ನಾಗಿ ಬಂತು.

ಆ ಹೆಂಗಸಿನ ಕಣ್ಣಲ್ಲಿ ನೀರು ಇಳಿಯಿತು. ಅದೇ ಹೊತ್ತಿಗೆ ಮೆಟ್ಟಿಲ ಮೇಲಿನಿಂದ ಇನ್ನೊಂದು ದನಿ ಕೇಳಿಸಿತು. "ಇಲ್ಲಿ ಕೂತಿದೀಯಾ? ಅಲ್ಲಿ ಹಾಲೆಲ್ಲ ಸೀದು, ಕೋಣೆ ತುಂಬ ಹೊಗೆ!"

ಅತ್ತೆ ಕೆಳಗಿಳಿದು ಬಂದಳು. ನನ್ನ ಕಾವಿಯನ್ನೂ ಕೈಮುಗಿದು ಕೂತಿದ್ದ ಹೆಂಗಸನ್ನೂ ನೋಡಿದಳು. ಅವಳ ಮುಂದೆ ನನ್ನ ಮಾನ ತೆಗೆಯಲಿಲ್ಲ. "ನನ್ನ ತಮ್ಮನ ಮಗ. ಬೆಂಗಳೂರು, ಜಯನಗರ" ಎಂದಳು, ಅಷ್ಟೇ.

"ಜಯನಗರವಾ!" ಆ ಹೆಂಗಸು ಎದ್ದು ನಿಂತಳು. "ನಮ್ದು ಜರಗನಳ್ಳಿ ಕನವ್ವಾ! ಬನಸಂಕ್ರಮ್ಮನ ಗುಡಿ ದಾಟಿ ಒಸಿ ಮುಂದೆ. ಜಯನಗರಕ್ಕೆ ನಮ್ಮನೆಯಿಂದ್ಲೇ ಆಲು ಓಗೋದು." ನಮ್ಮೂರಿನ ಸ್ವಾಮಿಯೇ ಸಿಕ್ಕಿದರೆಂದು ಇನ್ನೊಮ್ಮೆ ಅಡ್ಡಬಿದ್ದು, ಮನೆಯ ಗುರುತು ಕೇಳಿ ತಿಳಿದುಕೊಂಡು ಹೋದಳು.

ಗಲ್ಲಿಯಲ್ಲಿ ಎದುರಾದ ಗೂಳಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತಾಗ ಅತ್ತೆ ಕೇಳಿದಳು. "ತೊಟ್ಟಿಲು ತೂಗದೇ ಹೋದ್ರೆ?"

ನಾನು ಗೂಳಿಯ ಕೊಂಬನ್ನೇ ನೋಡಿದೆ.

"ಆ ಸೊಸೆ ಗತಿ ಏನು ಯೋಚನೆ ಮಾಡಿದೀಯಾ? ಸ್ವಾಮಿಗಳ ಮಾತೂ ಸುಳ್ಳಾಯ್ತು, ಇವಳ ಹಣೇಲೇ ಬರೆದಿಲ್ಲ ಅಂತ ಎಲ್ಲರೂ ಸೇರಿ ಇನ್ನೊಂದು ಮದುವೆ ಮಾಡಿಸ್ತಾರೆ." ಗೂಳಿ ಹೋಯಿತು. ಅತ್ತೆ ಗೋಡೆ ಬಿಟ್ಟು ನಡೆಯಲು ಶುರುಮಾಡಿದಳು. "ಹೋಗು, ವಿಶ್ವನಾಥನಿಗೆ ಹೇಳಿ ಬಾ. ನಾಲಿಗೆ ಜಾರಿದೆ, ನೀನೇ ನೋಡ್ಕೊಳಪ್ಪಾ ಅಂತ."

ಗಂಡನಿಲ್ಲದ ಹೆಣ್ಣಿನ ಬದುಕು ಹೇಗಿರುತ್ತದೆಂದು ಬಲ್ಲವಳ ಮಾತು ಅದು. ಅವತ್ತು ವಿಶ್ವನಾಥನ ಮುಂದೆ ನೂಕುನುಗ್ಗಲಿನಲ್ಲಿ ನಿಂತು, ಹೆಸರೂ ಗೊತ್ತಿಲ್ಲದ ಜರಗನಹಳ್ಳಿಯ ಒಬ್ಬ ಸೊಸೆಗಾಗಿ ಬೇಡಿಕೊಂಡೆ. ಅಲ್ಲಿಯವರೆಗೆ ಮೋಕ್ಷ ಕೇಳುತ್ತಿದ್ದೆ. ಕೊಟ್ಟರೂ ಕೊಡದಿದ್ದರೂ ನಡೆಯುತ್ತದೆ ಎನ್ನುವ ಹಾಗೆ. ಇದನ್ನು ಮಾತ್ರ ಹೆದರಿ, ಬೆವರಿ, ಹಿಂದಿನವರು ತಳ್ಳುತ್ತಿದ್ದರೂ ಕದಲದೆ ಕೇಳಿದೆ. ಆಮೇಲೆ ದಿನಾಲೂ ಹೋಗಿ ಕೇಳಿದೆ. ಪೂರ್ತಿ ಮುಳುಗಿ ಸ್ನಾನ ಮಾಡಲು ಶುರುಮಾಡಿದ್ದೂ ಆಗಲೇ. ಭಯ ಚಳಿಗಿಂತ ಬಲವಾದದ್ದು.

ಕೆಲವು ವಾರ ಕಳೆದಿರಬಹುದು, ತಂದೆಯ ತಂತಿ ಬಂತು. ತಾಯಿಗೆ ಸೀರಿಯಸ್, ಕೂಡಲೇ ಹೊರಡು. ನಾನು ಚೀಲಕ್ಕೆ ಬಟ್ಟೆ ತುರುಕತೊಡಗಿದೆ. ಅತ್ತೆ ಮಾತ್ರ ನೆಲ ಸಾರಿಸುವುದನ್ನು ನಿಲ್ಲಿಸಲಿಲ್ಲ. "ನಿಮ್ಮಮ್ಮನಿಗೆ ಏನೂ ಆಗಿಲ್ಲ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ನಿಮ್ಮಪ್ಪ ಹೀಗೇ ತಂತಿ ಕಳಿಸಿದ್ದ. ತನಗೇ ಸೀರಿಯಸ್ ಅಂತ. ಓಡಿ ಹೋದ್ರೆ ವರಾಂಡದಲ್ಲಿ ಕೂತು ಕಡಲೆಕಾಯಿ ತಿಂತಿದ್ದ. ಆದ್ರೂ ನೀನು ಹೋಗು."

"ಮತ್ತೆ ಬರ್ಲಾ ಅತ್ತೆ?"

ಅತ್ತೆ ಬಟ್ಟೆ ಹಿಂಡಿ ಎದ್ದು ನಿಂತಳು. "ಬರ್ಬೇಡ. ನಿನಗೆ ಇದು ಒಗ್ಗಲ್ಲ. ನನಗೆ ಒಗ್ಗತ್ತೆ, ಯಾಕಂದ್ರೆ ಇಲ್ಲಿ ನಾನು ಯಾರ ಮನೇಲೂ ಇಲ್ಲ." ಆಮೇಲೆ ಒಲೆಯ ಕಡೆ ತಿರುಗಿ ಹೇಳಿದಳು. "ನೀನಿದ್ದಷ್ಟು ದಿನ ಸಾರು ಮಾಡೋದಕ್ಕೆ ಒಂದು ನೆಪ ಇತ್ತು. ಒಬ್ಬಳಿಗೇ ಯಾರು ಸಾರು ಮಾಡ್ಕೋತಾರೆ?"

ಅವಳು ಇಷ್ಟು ದಿನ ನನಗಾಗಿಯೇ ಮೆಣಸು ಹುರಿಯುತ್ತಿದ್ದಳೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಆ ಸಾರನ್ನು ಉಣ್ಣುತ್ತ, ರುಚಿಯನ್ನು ಗೆಲ್ಲಬೇಕು ಎಂದು ಅವಳಿಗೇ ಉಪದೇಶ ಮಾಡುತ್ತಿದ್ದೆ.

ಮನೆಗೆ ಬಂದರೆ ಅಮ್ಮ ಅಡುಗೆಮನೆಯಲ್ಲಿ ಕಾಫಿಬೀಜ ಹುರಿಯುತ್ತಿದ್ದಳು. ನನ್ನನ್ನು ನೋಡಿ ಗಟ್ಟಿಯಾಗಿ ಅಳತೊಡಗಿದಳು. ಜರಗನಹಳ್ಳಿಯ ಹೆಂಗಸು ಊರಿಗೆ ಬಂದವಳೇ ನಮ್ಮ ಮನೆ ಹುಡುಕಿಕೊಂಡು ಬಂದು, "ಎಂಥಾ ಮಗನ್ನ ಎತ್ತಿದ್ದೀಯವ್ವಾ, ಮಠ ಕಟ್ಟೋ ಸ್ವಾಮಿ ಆಗವ್ರೆ" ಎಂದು ಅಮ್ಮನ ಕಾಲು ಹಿಡಿದಿದ್ದಳಂತೆ. ಅದಾದ ಮೇಲೆ ಅಮ್ಮ ಅನ್ನ ಬಿಟ್ಟಿದ್ದಳು. ತಂದೆ ತಂತಿ ಆಫೀಸಿಗೆ ಓಡಿದ್ದರು. ಅಮ್ಮ ಕಣ್ಣೊರೆಸಿಕೊಂಡು ಕಾಫಿ ಕೊಟ್ಟಳು. ಒಂದು ಲೋಟ ಕುಡಿದೆ. ಇನ್ನೊಂದು ಕೇಳಿದೆ. ನನ್ನ ಸನ್ಯಾಸ ಅಲ್ಲಿಗೆ ಮುಗಿಯಿತು.

ಆ ಬೇಸಗೆಯಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ತಂದೆ ತಡಮಾಡಲಿಲ್ಲ, ಮದುವೆಯೂ ಆಯಿತು. ನಮ್ಮಲ್ಲಿ ಮದುವೆಯ ದಿನ ವರ ಕಾಶೀಯಾತ್ರೆಗೆ ಹೊರಡುವ ಶಾಸ್ತ್ರವಿದೆಯಷ್ಟೆ. ಕೊಡೆ, ಬೆತ್ತ, ಪಾದುಕೆ ಹಿಡಿದು ಛತ್ರದ ಬಾಗಿಲು ದಾಟಿದೆ. ಮಾವನವರು ಎಲ್ಲ ಮಾವಂದಿರಂತೆ ನಾಲ್ಕು ಹೆಜ್ಜೆ ಬಿಟ್ಟುಕೊಂಡು ನಿಧಾನವಾಗಿ ಬರುತ್ತಿದ್ದರು. ಬೀಗರ ಸಾಲಿನಿಂದ ನಮ್ಮ ತಂದೆ ಕೂಗಿದರು. "ಬೇಗ ಬಂದು ಕೈ ಹಿಡೀರಿ ಸ್ವಾಮಿ! ಇವನು ಹೋಗೇಬಿಡೋ ಪೈಕಿ!" ಮಾವನವರು ಗಾಬರಿಯಾಗಿ ಓಡಿ ಬಂದು, ಕೈಯಲ್ಲಿದ್ದ ತೆಂಗಿನಕಾಯಿಯನ್ನು ನನ್ನ ಕಾಲಮೇಲೆ ಬೀಳಿಸಿದರು. ಮಾಂಗಲ್ಯಧಾರಣೆಯನ್ನು ನಾನು ಕುಂಟುತ್ತಲೇ ಮಾಡಿದೆ.

ಧನುರ್ಮಾಸ ಬಂತು. ಒಂದು ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ಎತ್ತಿನ ಗಾಡಿ ನಿಂತಿತು. ಜರಗನಹಳ್ಳಿಯ ಆ ಹೆಂಗಸು ಇಳಿದಳು. ಅವಳ ಹಿಂದೆ ಎಳೆಯ ಬಾಣಂತಿ, ತೋಳಲ್ಲಿ ಮಗು. ಗಾಡಿಯಲ್ಲಿ ಒಂದು ಮೂಟೆ ಅವರೆಕಾಯಿ. ಅದರ ಸೊಗಡು ಅಂಗಳವನ್ನೆಲ್ಲ ತುಂಬಿತು. ನಾನು ಪಟ್ಟೆ ಪಟ್ಟೆಯ ಪಾಯಿಜಾಮ ಹಾಕಿಕೊಂಡು ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತಿದ್ದೆ. ನೋಡಿ ಅವಳಿಗೆ ಭಕ್ತಿ ಇಳಿಯಬೇಕಿತ್ತು. ಇಳಿಯಲಿಲ್ಲ. "ಸ್ವಾಮೇರೇ, ಎಣ್ಣುಮಗ!" ಎಂದು ಎಣ್ಣೆಯ ಕೈಯನ್ನೇ ಹಿಡಿದು ಕಣ್ಣಿಗೊತ್ತಿಕೊಂಡಳು.

"ನಾನು ಸ್ವಾಮಿಯಲ್ಲಮ್ಮ. ಅವತ್ತು ಏನೋ ಬಾಯಿಗೆ ಬಂತು, ಹೇಳಿಬಿಟ್ಟೆ. ನೋಡಿ, ಮದುವೆ ಆಗಿದೀನಿ" ಎಂದು, ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ಸಾಕ್ಷಿಯ ಹಾಗೆ ತೋರಿಸಿದೆ.

"ಆಗ್ಲಿ ಬುದ್ಧಿ, ಸಿವನೂ ಮದ್ವೆ ಆಗವ್ನೆ" ಎಂದಳು.

ನಾನು ಆ ಬಾಣಂತಿಯ ಮುಖ ನೋಡಿದೆ. ಅವಳು ನನ್ನತ್ತ ನೋಡಲೂ ಇಲ್ಲ. ಮಗುವಿನ ಟೋಪಿ ಸರಿಮಾಡುತ್ತಿದ್ದಳು. ನನ್ನ ಎದೆಯಿಂದ ಏನೋ ಭಾರ ಇಳಿದು, ಸೈಕಲ್ಲಿನ ಪಕ್ಕದಲ್ಲೇ ಕೂತುಬಿಟ್ಟೆ. ಅವತ್ತೇ ಅತ್ತೆಗೆ ಕಾರ್ಡು ಬರೆದು ಹಾಕಿದೆ. "ಸದ್ಯ. ಇನ್ನು ಬಾಯಿ ಮುಚ್ಕೊಂಡಿರು" ಎಂದು ಉತ್ತರ ಬಂತು.

ನಾನು ಮುಚ್ಚಿದರೂ ಆ ಹೆಂಗಸು ಮುಚ್ಚಬೇಕಲ್ಲ. ಜರಗನಹಳ್ಳಿಯಿಂದ ಸಾರಕ್ಕಿಗೆ, ಅಲ್ಲಿಂದ ಯಡಿಯೂರಿಗೆ ಸುದ್ದಿ ಹರಡಿತು. ವಿರಕ್ತನಾಗಿ ಮುಳ್ಳು ತುಳಿದಾಗ ತಿರುಗಿ ನೋಡದ ಜನ, ಕಚೇರಿಗೆ ಊಟದ ಡಬ್ಬಿ ಹಿಡಿದು ಹೊರಟವನ ಸೈಕಲ್ ನಿಲ್ಲಿಸಿ ಕೈಮುಗಿದರು. ಹಸು ಕಳೆದವರು ಬಂದರು, ಬಾವಿಯಲ್ಲಿ ನೀರು ಬೀಳದವರು ಬಂದರು. ನಾನು ಎಲ್ಲರಿಗೂ "ಬನಶಂಕರಿಗೆ ಹೇಳಿಕೊಳ್ಳಿ" ಎನ್ನುವುದನ್ನು ಕಲಿತೆ. ಅದನ್ನೂ ಅವರು ಅಪ್ಪಣೆ ಎಂದೇ ತಿಳಿದು ಹೋಗುತ್ತಿದ್ದರು. ನಮ್ಮ ರಸ್ತೆಗೆ ಹೊಸದಾಗಿ ಬಂದವರಿಗೆ ಸೌದೆಯಂಗಡಿಯವನು ದಾರಿ ಹೇಳುತ್ತಿದ್ದದ್ದು "ಸ್ವಾಮಿಗಳ ಮನೆಯಿಂದ ಎಡಕ್ಕೆ" ಎಂದು.

ಅರವತ್ತರ ದಶಕ ಅರ್ಧ ಕಳೆದಿತ್ತು. ವಿಜಯದಶಮಿಯ ಬೆಳಿಗ್ಗೆ ಆ ಹೆಂಗಸು ಮೊಮ್ಮಗಳ ಕೈಹಿಡಿದುಕೊಂಡು ಬಂದಳು. ಶಾಲೆಗೆ ಸೇರಿಸುವ ಮೊದಲು ಸ್ವಾಮಿಗಳೇ ಅಕ್ಷರ ತಿದ್ದಿಸಬೇಕಂತೆ. ನಾನು ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದೆ.

"ಅಂಗೇ ಒಂದ್ ಮಾತು ಏಳಿ ಸ್ವಾಮೇರೇ, ಇನ್ನೊಂದು ಗಂಡಾಗ್ಲಿ ಅಂತ."

ಒಳಗಿನಿಂದ ಹೆಂಡತಿಯ ದನಿ ಬಂತು. "ಇವರ ಮಾತು ಅಷ್ಟು ನಡೆಯೋದಾಗಿದ್ರೆ ನಮ್ಮನೆ ನಲ್ಲೀಲಿ ಎಂದೋ ನೀರು ಬರ್ತಿತ್ತು. ಬನ್ನಿ, ಕಾಫಿ ಕುಡೀರಿ."

ಹುಡುಗಿ ಮಾತ್ರ ನನ್ನ ಮುಖದ ಸೋಪನ್ನೂ ಬನಿಯನ್ನನ್ನೂ ನೋಡಿ, ನನ್ನ ಹಿಂದೆ ಕೋಣೆಯೊಳಗೆ ಇಣುಕಿ, "ಅಜ್ಜೀ, ಸ್ವಾಮಿ ಎಲ್ಲವ್ರೆ?" ಎಂದಳು. ಅಷ್ಟು ವರ್ಷಗಳಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಅಜ್ಜಿ ಅವಳ ತಲೆಗೆ ಮೊಟಕಿದಳು.

ಮುಖ ತೊಳೆದು, ಒಗೆದ ಪಂಚೆ ಉಟ್ಟು, ತಟ್ಟೆಯಲ್ಲಿ ಅಕ್ಕಿ ಹರಡಿ ಕೂತೆ. ಹುಡುಗಿಯ ಬೆರಳು ಹಿಡಿದು ‘ಅ’ ಬರೆಸಿದೆ. ಅವಳು ಕೈ ಕೊಸರಿಕೊಂಡು, ತಾನೇ ಇನ್ನೊಂದು ಬರೆದಳು. ಅದು ಸೊಟ್ಟಗಿತ್ತು. ಚೆನ್ನಾಗಿದೆ ಎಂದೆ. ಅಕ್ಕಿಯ ಪಕ್ಕದಲ್ಲಿದ್ದ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು, ಮೂರನೆಯದಕ್ಕೆ ಜಾಗ ಮಾಡಲು ಅಂಗೈಯಿಂದ ತಟ್ಟೆಯ ಅಕ್ಕಿಯನ್ನೆಲ್ಲ ಮತ್ತೆ ಸಮವಾಗಿ ಸವರಿದಳು.